ಲೀಟರ್ ಲೆಕ್ಕ, ಒಂದು ಕಡ್ಡಿ ಸಾಕು

ಲೀಟರಿಗೆ ಎಷ್ಟು ಎಂಎಲ್ ಅಂತ ಕೇಳಿದರೆ ಈಗಿನ ಮಕ್ಕಳು ಪಟ್ಟನೆ 1000 ಅನ್ನುತ್ತಾರೆ. ಅದೇ 0.05 ಲೀಟರ್ ಅಂತ ಬರೆದುಕೊಟ್ಟರೆ 500 ಎಂಎಲ್ ಸುರಿದು ಬರುತ್ತಾರೆ. 50 ಕಣ್ರೋ ಅದು! ಚುಕ್ಕಿಯನ್ನು ಮೂರು ಸ್ಥಾನ ಬಲಕ್ಕೆ ಸರಿಸಿದರೆ ಮುಗಿಯಿತು, ವಾಪಸ್ ಬರುವಾಗ ಎಡಕ್ಕೆ. ಸಿರಿಂಜಿನ ಮೇಲೆ ಸಿಸಿ, ಅಂದರೆ ಘನ ಸೆಂಟಿಮೀಟರ್, ಅಂತ ಇದ್ದರೆ ಗಾಬರಿ ಬೇಡ, ಸಿಸಿ ಬೇರೆಯಲ್ಲ ಎಂಎಲ್ ಬೇರೆಯಲ್ಲ. ಸೆಂಟಿಲೀಟರ್ ಮಾತ್ರ 10 ಎಂಎಲ್.

ನನಗೆ ಸಿಟ್ಟು ನೆತ್ತಿಗೇರುವುದು ತೊಟ್ಟಿಯ ಲೆಕ್ಕ ನೋಡಿದಾಗ. ಮೀಟರಿಗೆ 100 ಸೆಂಟಿಮೀಟರ್ ಅಲ್ವಾ, ಹಾಗಾಗಿ ಘನ ಮೀಟರಿಗೂ 100 ಲೀಟರ್ ಇರಬೇಕು ಅಂತ ಸುಮ್ನೆ ಅಂದುಕೊಂಡುಬಿಡುತ್ತಾರೆ. ಉದ್ದ, ಅಗಲ, ಎತ್ತರ ಮೂರಕ್ಕೂ 100 ಇದೆಯಲ್ಲಪ್ಪಾ! ಗುಣಿಸಿದರೆ 10 ಲಕ್ಷ ಸಿಸಿ, ಅಂದರೆ 1000 ಲೀಟರ್.

ನಮ್ಮ ಮಾವನವರು ಒಂದು ನೆಟ್ಟಗಿನ ಕಡ್ಡಿಗೆ 10 ಸೆಂಟಿಮೀಟರಿಗೊಂದರಂತೆ ಕಚ್ಚು ಹಾಕಿ ಇಟ್ಟಿದ್ದರು. ಮೂರೂ ಕಡೆ 10 ಸೆಂಟಿಮೀಟರ್ ಇರುವ ಡಬ್ಬಿಗೆ ಸರಿಯಾಗಿ 1 ಲೀಟರ್ ಹಿಡಿಯುತ್ತದೆ, ಗುಟ್ಟು ಅಷ್ಟೇ. ಕಡ್ಡಿಯ ತುದಿಯಿಂದಲೇ ಮೊದಲ ಅಳತೆ ಶುರುವಾಗಬೇಕು, ತುದಿ ಸವೆದಿದ್ದರೆ ಬಿಸಾಡಿ. ತೊಟ್ಟಿಯ ಒಳಗೆ ಇಟ್ಟು ಕಚ್ಚು ಎಣಿಸಿ. ಉದ್ದ 12, ಅಗಲ 8, ನೀರು ನಿಲ್ಲುವ ಎತ್ತರ ಏಳೂವರೆ ಬಂತು ಅನ್ನಿ, ಗುಣಿಸಿದರೆ ನೇರವಾಗಿ 720 ಲೀಟರ್. ಭಾಗಾಕಾರದ ಗೊಡವೆಯೇ ಇಲ್ಲ. ಎತ್ತರವನ್ನು ಅಂಚಿನವರೆಗೆ ಅಳೆಯಬೇಡಿ, ಹೆಚ್ಚಾದ ನೀರು ಹೊರಹೋಗುವ ತೂತಿನವರೆಗೆ ಸಾಕು. ಗಾರೆ ಒಂದೇ ಸಮ ಇರುವುದಿಲ್ಲ, ಅಗಲವನ್ನು ಎರಡು ಕಡೆ ನೋಡಿ. ಬಗ್ಗಲು ಸೋಮಾರಿತನ ಅಂತ ಹೊರಗಿನಿಂದ ಅಳೆಯುವವರೂ ಇದ್ದಾರೆ. ಗೋಡೆ ಬರೀ 5 ಸೆಂಟಿಮೀಟರ್ ದಪ್ಪ ಇದ್ದರೂ ಇದೇ ತೊಟ್ಟಿ 13, 9, ಏಳೂವರೆ ಆಗಿ 877 ಲೀಟರ್ ದಾಟುತ್ತದೆ. ಆ ಜಾಸ್ತಿ ನೀರು ಕಾಗದದ ಮೇಲೆ ಮಾತ್ರ! ಹೇಗೂ ತೊಟ್ಟಿಗೆ ಇಳಿದಿರುತ್ತೀರಿ, ಮೂಲೆಯ ಪಾಚಿಯನ್ನೂ ಉಜ್ಜಿಬಿಡಿ, ಅದಕ್ಕೆ ಇನ್ನೊಂದು ದಿನ ಯಾಕೆ?

ತೂಕ ನೋಡಿ ಲೀಟರ್ ಹೇಳುವುದು ನೀರಿಗೆ ನಡೆಯುತ್ತದೆ, ಲೀಟರಿಗೆ ಹೆಚ್ಚುಕಡಿಮೆ ಒಂದು ಕೆಜಿ. ಎಣ್ಣೆಗೆ ಆ ಲೆಕ್ಕ ಹಾಕಬೇಡಿ, ಅದು ಹಗುರ.

ದುಂಡು ಡ್ರಮ್ಮಿಗೂ ಅದೇ ಕಡ್ಡಿ. ಬಾಯಿಯ ಅಡ್ಡಳತೆಯ ಅರ್ಧವನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, ಆಮೇಲೆ ಎತ್ತರದಿಂದ. ಅರ್ಧ 3, ಎತ್ತರ 9 ಇದ್ದರೆ 254 ಲೀಟರ್. ಅರ್ಧ ಮಾಡುವುದನ್ನು ಮರೆತರೆ ನಾಲ್ಕು ಪಟ್ಟು ಬರುತ್ತದೆ, ಆಗ ಕಡ್ಡಿಯನ್ನು ಬೈಯಬೇಡಿ.