ಅಡಿಕೆ ಆರಿಸಿದಂತೆ ಗೇಮ್ ಆರಿಸುವುದು: 2023ರ ಮೆಚ್ಚಿನ ವಿಡಿಯೊ ಗೇಮ್‌ಗಳಿಗೆ ಕ್ರಮ ಹಚ್ಚುವ ಬಗೆ

ವರ್ಷದ ಕೊನೆಯಲ್ಲಿ ಮೆಚ್ಚಿನ ಗೇಮ್‌ಗಳ ಪಟ್ಟಿ ಮಾಡಲು ಕುಳಿತವರಿಗೆ ಮೊದಲು ನೆನಪಾಗುವುದು ತೀರ ಈಚೆಗೆ ಆಡಿದ್ದು, ಅದಾದ ಮೇಲೆ ಪ್ರಶಸ್ತಿ ಪಡೆದದ್ದು. ‘ಹೈ-ಫೈ ರಶ್’ 2023ರ ಜನವರಿ 25ರಂದು, ಘೋಷಣೆಯಾದ ದಿನವೇ ಬಿಡುಗಡೆಯಾಯಿತು. ಹೊಡೆತ, ಜಿಗಿತ ಎಲ್ಲವೂ ಹಾಡಿನ ತಾಳಕ್ಕೆ ಕೂಡಿಬರಬೇಕಾದ ಗೇಮ್ ಅದು. ಚಂಡೆ ಮದ್ದಳೆ ಕೇಳಿ ಬೆಳೆದ ಕಿವಿಗೆ ಅದು ಹಿಡಿಸಿದ ಪರಿಯನ್ನು ಬೇರೆ ಹೇಳಬೇಕಾಗಿಲ್ಲ. ಎರಡು ವಾರ ಬಿಡದೆ ಆಡಿದ್ದೆ. ಆದರೂ ಡಿಸೆಂಬರ್‌ನಲ್ಲಿ ನಾನು ಬರೆದ ಮೊದಲ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಆ ಪಟ್ಟಿಯನ್ನು ಹರಿದು ಹಾಕಿ, ಶಿರಸಿ ಸೀಮೆಯಲ್ಲಿ ಹುಟ್ಟಿದವರಿಗೆ ಚೆನ್ನಾಗಿ ಗೊತ್ತಿರುವ ಕೆಲಸವೊಂದರಿಂದ, ಅಂದರೆ ಅಡಿಕೆ ಆರಿಸುವುದರಿಂದ, ವಿಧಾನವನ್ನು ಎರವಲು ಪಡೆದು ಎರಡನೆಯ ಪಟ್ಟಿ ಮಾಡಿದೆ. ಆ ವಿಧಾನವನ್ನು ಇಲ್ಲಿ ವಿವರಿಸುತ್ತೇನೆ. (ನಮ್ಮ ಕಡೆ ‘ಆಟ’ ಎಂದರೆ ಯಕ್ಷಗಾನ, ಗೊಂದಲವಾಗದಿರಲೆಂದು ಇಲ್ಲಿ ಗೇಮ್ ಎಂದೇ ಬರೆದಿದ್ದೇನೆ.)

ಮೊದಲ ಕೆಲಸ ಬೇಲಿ ಹಾಕುವುದು. ‘2023ರ ಗೇಮ್’ ಎಂದರೆ ಯಾವುದು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸರಳವಾಗಿ ಕಂಡರೂ ಪಟ್ಟಿ ಮಾಡುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ‘ಬಾಲ್ಡರ್ಸ್ ಗೇಟ್ 3’ ಪೂರ್ಣ ರೂಪದಲ್ಲಿ ಕಂಪ್ಯೂಟರ್‌ಗೆ ಬಂದದ್ದು 2023ರ ಆಗಸ್ಟ್ 3ರಂದು. ಆದರೆ ಅಪೂರ್ಣ ಆವೃತ್ತಿ 2020ರ ಅಕ್ಟೋಬರ್‌ನಿಂದಲೇ ಮಾರಾಟದಲ್ಲಿತ್ತು. ‘ಡೇವ್ ದ ಡೈವರ್’ ಕೂಡ ಹಾಗೆಯೇ, 2022ರಲ್ಲಿ ಅರ್ಧ ಬಂದು 2023ರ ಜೂನ್ 28ರಂದು ಪೂರ್ಣಗೊಂಡಿತು. ‘ರೆಸಿಡೆಂಟ್ ಈವಿಲ್ 4’ 2005ರದ್ದು. 2023ರ ಮಾರ್ಚ್ 24ರಂದು ಬಂದದ್ದು ಅದನ್ನೇ ಬುಡದಿಂದ ಹೊಸದಾಗಿ ಕಟ್ಟಿದ ರೂಪ. ‘ಸೈಬರ್‌ಪಂಕ್ 2077’ 2020ರದ್ದಾದರೂ ಅದರ ‘ಫ್ಯಾಂಟಮ್ ಲಿಬರ್ಟಿ’ ಎಂಬ ಸೇರ್ಪಡೆ ಬಂದದ್ದು 2023ರ ಸೆಪ್ಟೆಂಬರ್ 26ರಂದು. ನಾನು ಹಾಕಿಕೊಂಡ ನಿಯಮ ಹೀಗಿದೆ: ಪೂರ್ಣ ಆವೃತ್ತಿ ಬಂದ ವರ್ಷವೇ ಗೇಮಿನ ವರ್ಷ, ಬುಡದಿಂದ ಕಟ್ಟಿದ್ದು ಹೊಸದೆಂದು ಲೆಕ್ಕ, ಮೂಲ ಗೇಮ್ ಇಲ್ಲದೆ ಆಡಲಾಗದ ಸೇರ್ಪಡೆಗೆ ಪಟ್ಟಿಯಲ್ಲಿ ಜಾಗವಿಲ್ಲ. ಇದನ್ನೇ ನೀವೂ ಪಾಲಿಸಬೇಕೆಂದಿಲ್ಲ. ಆದರೆ ಹೆಸರುಗಳನ್ನು ಬರೆಯುವ ಮೊದಲೇ ನಿಯಮವನ್ನು ಬರೆದಿಡಬೇಕು. ಇಲ್ಲವಾದರೆ ಮೆಚ್ಚಿದ್ದನ್ನು ಒಳಗೆ ಸೇರಿಸಿಕೊಳ್ಳಲು ಬೇಲಿಯನ್ನೇ ಸರಿಸುವುದಾಗುತ್ತದೆ.

ಆಡದೆ ಇರುವುದಕ್ಕೆ ಸ್ಥಾನ ಕೊಡಬಾರದು ಎಂಬುದೂ ಅದೇ ಬೇಲಿಯ ಭಾಗ. ಮೇ 12ರಂದು ಬಂದ ‘ಟಿಯರ್ಸ್ ಆಫ್ ದ ಕಿಂಗ್‌ಡಮ್’ ಎಂಬ ಜೆಲ್ಡಾ ಗೇಮನ್ನು ಲೋಕವೆಲ್ಲ ಹೊಗಳಿತು. ಅದನ್ನು ಆಡಲು ಬೇಕಾದ ನಿಂಟೆಂಡೊ ಸ್ವಿಚ್ ಎಂಬ ಯಂತ್ರ ನನ್ನಲ್ಲಿ ಇಲ್ಲ. ಆದ್ದರಿಂದ ನನ್ನ ಪಟ್ಟಿಯಲ್ಲಿ ಆ ಗೇಮೂ ಇಲ್ಲ.

ಇನ್ನು ದಾಖಲೆಯ ವಿಚಾರ. ಒಂದು ಗೇಮನ್ನು ಮುಗಿಸಿದ ದಿನ, ಅಥವಾ ಬೇಸತ್ತು ಬಿಟ್ಟ ದಿನ, ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಬೇಕು: ಕಣ್ಣಿಗೆ ಕಟ್ಟಿದ ಒಂದು ಕ್ಷಣ, ಕಿರಿಕಿರಿ ಮಾಡಿದ ಒಂದು ಸಂಗತಿ, ಮತ್ತು ಆಡಿದಾಗಿನ ನಮ್ಮ ಸ್ಥಿತಿ. ಮೂರನೆಯದು ಅನಗತ್ಯವೆಂದು ತೋರಬಹುದು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ. ಜುಲೈ ತಿಂಗಳ ಒಂದು ಪುಟದಲ್ಲಿ ‘ಮರ ಬಿದ್ದು ಲೈನ್ ಹೋಗಿತ್ತು, ಇನ್ವರ್ಟರ್ ಕೈಕೊಟ್ಟಿತು, ಒಂದೂವರೆ ಗಂಟೆಯ ಆಟ ಸೇವ್ ಆಗದೆ ಹೋಯಿತು’ ಎಂದು ಬರೆದುಕೊಂಡಿದ್ದೇನೆ. ಆ ಸಾಲು ಇಲ್ಲದಿದ್ದರೆ ಅಂದಿನ ಸಿಟ್ಟನ್ನು ಡಿಸೆಂಬರ್‌ನಲ್ಲಿ ಗೇಮಿನ ಲೆಕ್ಕಕ್ಕೇ ಬರೆಯುತ್ತಿದ್ದೆ. ‘ಬಾಲ್ಡರ್ಸ್ ಗೇಟ್ 3’ಕ್ಕೆ 150 ಜಿಬಿ ಜಾಗ ಬೇಕು. ಸೆಕೆಂಡಿಗೆ 10 ಮೆಗಾಬಿಟ್ ವೇಗ ಒಂದೇ ಸಮನೆ ದೊರೆತರೂ ಅಷ್ಟನ್ನು ಇಳಿಸಿಕೊಳ್ಳಲು 33 ಗಂಟೆ ಹಿಡಿಯುತ್ತದೆ. ತೋಟದ ನಡುವಿನ ಮನೆಗೆ ಮಳೆಗಾಲದಲ್ಲಿ ಆ ವೇಗ ಒಂದೇ ಸಮನೆ ದೊರೆಯುವುದು ಕನಸಿನ ಮಾತು. ಆರು ದಿನ ಕಾದು ಪಡೆದ ಗೇಮ್ ಚೆನ್ನಾಗಿಲ್ಲವೆಂದು ಒಪ್ಪಿಕೊಳ್ಳಲು ಮನಸ್ಸು ಹಿಂಜರಿಯುತ್ತದೆ. ಆ ಪಕ್ಷಪಾತವೂ ನೋಟ್‌ಬುಕ್ಕಿಗೆ ಸೇರಿತು.

ಆಡಿದ ಗಂಟೆಗಳ ಲೆಕ್ಕವನ್ನು ಗೇಮ್ ಮಾರುವ ತಾಣವಾದ ಸ್ಟೀಮ್ ತಾನಾಗಿಯೇ ಇಡುತ್ತದೆ. ಆದರೆ ಆ ಅಂಕಿಯನ್ನು ಮೆಚ್ಚುಗೆಯ ಅಳತೆ ಎಂದು ತಿಳಿಯಬಾರದು. ಮೋಡ ಕಟ್ಟಿತೆಂದು ಅಂಗಳದ ಅಡಿಕೆ ಬಾಚಲು ಎದ್ದು ಹೋದಾಗಲೂ ತೆರೆದಿಟ್ಟ ಗೇಮಿನ ಗಂಟೆ ಓಡುತ್ತಲೇ ಇರುತ್ತದೆ. ಕನಿಷ್ಠ ಇಷ್ಟು ಗಂಟೆ ಆಡಿರಬೇಕು ಎಂಬ ನಿಯಮವನ್ನೂ ನಾನು ಕೈಬಿಟ್ಟೆ, ಏಕೆಂದರೆ ‘ವೆಂಬಾ’ ಒಂದು ಸಂಜೆಯಲ್ಲೇ ಮುಗಿದುಹೋಗುತ್ತದೆ. 1980ರ ದಶಕದಲ್ಲಿ ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ದಂಪತಿಗಳ ಕಥೆ ಅದು. ತಾಯಿ ಕೊಟ್ಟ ಅಡುಗೆ ಪುಸ್ತಕದ ಪುಟಗಳು ಮಾಸಿ ಹರಿದಿರುವುದರಿಂದ ಅಳಿದ ಭಾಗವನ್ನು ಆಡುವವರೇ ಊಹಿಸಿ ಅಡುಗೆ ಮಾಡಬೇಕು. ಮೊದಲ ಒಗಟೇ ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುವ ಕ್ರಮ. ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಹಿಂದೆ ನಿಂತಿದ್ದ ಅಮ್ಮ ಕ್ಷಣಮಾತ್ರದಲ್ಲಿ ಉತ್ತರ ಹೇಳಿದರು. ಅವರು ಪರದೆಯತ್ತ ಕಣ್ಣು ಹಾಯಿಸಿದ ಏಕೈಕ ಗೇಮ್ ಅದು.

ಈಗ ಮುಖ್ಯ ಕೆಲಸ. ಒಣಗಿಸಿ ಸುಲಿದ ಅಡಿಕೆಯನ್ನು ಆರಿಸಲು ಕುಳಿತವರು ಯಾರೂ ಪ್ರತಿ ಅಡಿಕೆಗೂ ನೂರಕ್ಕೆ ಇಷ್ಟು ಅಂಕವೆಂದು ಕೊಡುವುದಿಲ್ಲ. ಒಳ್ಳೆಯ ಅಡಿಕೆಯಾದ ಚಾಲಿ ಒಂದು ಕಡೆ, ಅದಕ್ಕಿಂತ ಕಡಿಮೆ ದರ್ಜೆಯ ಬಿಳಿಗೋಟು ಒಂದು ಕಡೆ, ಕೆಂಪುಗೋಟು ಮತ್ತೊಂದು ಕಡೆ, ಕಳಪೆಯಾದ ಕೋಕಾ ದೂರ ಎಂದು ಗುಂಪು ಮಾಡುತ್ತಾರೆ. ಕಣ್ಣಳತೆ, ಕೈಯಲ್ಲಿನ ತೂಕ, ಅನುಮಾನ ಬಂದರೆ ಒಂದನ್ನು ಅಡಕತ್ತರಿಯಲ್ಲಿ ಕತ್ತರಿಸಿ ನೋಡುವುದು, ಇಷ್ಟೇ ಉಪಕರಣ. ಚಿಕ್ಕವನಿದ್ದಾಗ ಅವಸರದಲ್ಲಿ ಆರಿಸುತ್ತಿದ್ದ ನನಗೆ ಅಜ್ಜಿ, “ತಮಾ, ಗೋಟನ್ನೂ ಚಾಲಿಯನ್ನೂ ಬೆರಸಡ” ಎಂದು ಎಚ್ಚರಿಸುತ್ತಿದ್ದರು. ಗೇಮ್‌ಗಳಿಗೂ ಇದೇ ಸರಿ. ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಮೇಜಿನ ಮೇಲೆ ನಾಲ್ಕು ಗುಂಪು ಮಾಡಬೇಕು: ಇನ್ನೊಬ್ಬರಿಗೆ ಒತ್ತಾಯ ಮಾಡಿ ಆಡಿಸುವಂಥವು, ಚೆನ್ನಾಗಿದ್ದರೂ ಒತ್ತಾಯ ಮಾಡದಂಥವು, ಒಂದು ಭಾಗ ಮಾತ್ರ ಗಟ್ಟಿ ಇದ್ದಂಥವು, ಸಮಯ ವ್ಯರ್ಥವೆನಿಸಿದಂಥವು. ಹತ್ತಕ್ಕೆ ಎಂಟೂವರೆ, ಎಂಟೂಮುಕ್ಕಾಲು ಎಂಬ ಅಂಕಗಳನ್ನು ಒಂದು ವರ್ಷ ಪ್ರಯತ್ನಿಸಿದ್ದೆ. ಮಾರ್ಚ್‌ನ ಎಂಟೂವರೆಗೂ ಅಕ್ಟೋಬರ್‌ನ ಎಂಟೂವರೆಗೂ ಒಂದೇ ತೂಕವಿಲ್ಲವೆಂದು ಗೊತ್ತಾದ ಮೇಲೆ ಬಿಟ್ಟುಬಿಟ್ಟೆ.

ಕ್ರಮಾಂಕ ಬೇಕಾಗುವುದು ಮೊದಲ ಗುಂಪಿಗೆ ಮಾತ್ರ. ಹನ್ನೊಂದನೆಯದು ಮೇಲೋ ಹನ್ನೆರಡನೆಯದು ಮೇಲೋ ಎಂದು ಚರ್ಚಿಸುವುದು, ಗೋಟಿನಲ್ಲಿ ಚಂದದ ಗೋಟು ಯಾವುದೆಂದು ಹುಡುಕಿದ ಹಾಗೆ. ಬೇಲಿಯೊಳಗೆ ನನಗೆ ಉಳಿದದ್ದು ಹನ್ನೆರಡು ಗೇಮ್‌ಗಳು. ಪ್ರತಿಯೊಂದನ್ನೂ ಉಳಿದೆಲ್ಲವುಗಳ ಜೊತೆ ಹೋಲಿಸುವುದಾದರೆ 66 ಹೋಲಿಕೆಗಳಾಗುತ್ತವೆ. ಅಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ. ಮೊದಲ ಗುಂಪಿನಲ್ಲಿ ಇದ್ದ ಆರನ್ನಷ್ಟೇ ತೆಗೆದುಕೊಂಡೆ. ಎರಡು ಚೀಟಿಗಳನ್ನು ಮೇಲೆ ಕೆಳಗೆ ಇಟ್ಟು, ಮೂರನೆಯದನ್ನು ಅವುಗಳ ನಡುವೆ ಹಿಡಿದು ಮೇಲಕ್ಕೋ ಕೆಳಕ್ಕೋ ಸರಿಸಬೇಕು; ಮುಂದಿನ ಪ್ರತಿಯೊಂದು ಚೀಟಿಯನ್ನೂ ಮೊದಲು ಸಾಲಿನ ಮಧ್ಯದ್ದಕ್ಕೆ ಹೋಲಿಸಿದರೆ ಅರ್ಧ ಕೆಲಸ ತಪ್ಪುತ್ತದೆ.

ಹೋಲಿಸುವಾಗ ‘ಯಾವುದು ಉತ್ತಮ’ ಎಂದು ಕೇಳಿಕೊಂಡರೆ ಬರುವ ಉತ್ತರ ನಮ್ಮದಾಗಿರುವುದಿಲ್ಲ. ಎಲ್ಲೋ ಓದಿದ ವಿಮರ್ಶೆಯ ಮಾತು ಬಾಯಿಗೆ ಬರುತ್ತದೆ. ಅದರ ಬದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ. ಆಡಿ ಮುಗಿಸಿದ ಮರುದಿನ ತೋಟದಲ್ಲಿ ನಡೆಯುವಾಗ ಯಾವುದು ತಲೆಯಲ್ಲಿ ಉಳಿದಿತ್ತು? ಇಂದು ರಾತ್ರಿ ಎರಡರಲ್ಲಿ ಒಂದನ್ನು ಮೊದಲಿನಿಂದ ಆರಂಭಿಸಬೇಕೆಂದರೆ ಯಾವುದನ್ನು ತೆರೆಯುತ್ತೇನೆ? ಎರಡಕ್ಕೂ ಒಂದೇ ಉತ್ತರ ಬಂದರೆ ಅಲ್ಲಿಗೆ ಮುಗಿಯಿತು. ಬೇರೆ ಬೇರೆ ಬಂದರೆ ನಾನು ಮೊದಲ ಪ್ರಶ್ನೆಯ ಪಕ್ಷ. ಗಾತ್ರದ ಅಂತರವಿರುವ ಗೇಮ್‌ಗಳನ್ನು ಹೋಲಿಸಲು ಬೇರೆ ದಾರಿ ನನಗೆ ಕಂಡಿಲ್ಲ. ‘ಕೊಕೂನ್’ ಐದಾರು ಗಂಟೆಯದ್ದು, ಒಂದು ಮಾತೂ ಇಲ್ಲದ್ದು. ಗೋಲವೊಂದನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತೇವೆ, ಆ ಗೋಲದೊಳಗೇ ಒಂದು ಲೋಕವಿರುತ್ತದೆ, ಅದರೊಳಗೆ ಇಳಿದರೆ ಅಲ್ಲಿ ಇನ್ನೊಂದು ಗೋಲ. ‘ಬಾಲ್ಡರ್ಸ್ ಗೇಟ್ 3’ ನೂರು ಗಂಟೆಯನ್ನು ಲೀಲಾಜಾಲವಾಗಿ ನುಂಗುತ್ತದೆ. ಗಂಟೆಗೆ ಎಷ್ಟು ಸುಖ ಎಂದು ಭಾಗಿಸಲು ಹೊರಟರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಸ್ವಂತ ಒಲವುಗಳನ್ನು ಅಳಿಸಿಹಾಕಲು ಹೋಗಬಾರದು, ಆದರೆ ಗುರುತಿಸಬೇಕು. ಬರಡು ನೆಲವನ್ನು ಹಸಿರು ಮಾಡಿ, ಕೊನೆಗೆ ತಾನು ನಿಲ್ಲಿಸಿದ ಯಂತ್ರಗಳನ್ನೆಲ್ಲ ಕಳಚಿಕೊಂಡು ಹೊರಟುಹೋಗಬೇಕಾದ ‘ಟೆರಾ ನಿಲ್’ ನನ್ನ ಎರಡನೆಯ ಗುಂಪಿನ ಮೇಲ್ತುದಿಯಲ್ಲಿದೆ. 1983ರಲ್ಲಿ ನಮ್ಮ ಸೀಮೆಯ ಸಾಲ್ಕಣಿಯ ಬಳಿ, ಕಡಿಯಲು ಬಿಡದೆ ಮರಗಳನ್ನು ಅಪ್ಪಿ ನಿಂತವರ (ಅಪ್ಪಿಕೋ ಚಳವಳಿಯ) ಕಥೆ ಕೇಳುತ್ತ ಬೆಳೆದವನು ಅದನ್ನು ತುಸು ಹೆಚ್ಚೇ ಮೆಚ್ಚಿಕೊಂಡಿದ್ದರೆ ಆಶ್ಚರ್ಯವಿಲ್ಲ. ನೋಟ್‌ಬುಕ್ಕಿನ ಕಿರಿಕಿರಿಯ ಸಾಲು ಮಾತ್ರ ‘ಮೂರನೆಯ ನಕ್ಷೆಯಿಂದಾಚೆ ಅದೇ ಅದೇ’ ಎನ್ನುತ್ತದೆ. ಒಲವು ಹೌದು, ಮೊದಲ ಗುಂಪು ಅಲ್ಲ.

‘ಡ್ರೆಜ್’ ವಿಷಯದಲ್ಲಿ ನಾನು ಸ್ಪಷ್ಟವಾಗಿ ಮೋಸಹೋಗಿದ್ದೆ. ಮೀನು ಹಿಡಿಯುವ ಗೇಮ್ ಅದು. ಮಾರ್ಚ್ 30ರಂದು ಬಂತು, ನಾನು ಆಡಿದ್ದು ಜೂನ್ ಕೊನೆಗೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಾರವಾರದ ಗೆಳೆಯನ ಮನೆಯ ದೋಣಿ ಬೈತಖೋಲ ಬಂದರಿನಲ್ಲಿ ಕಟ್ಟಿಹಾಕಿತ್ತು, ಅವನೂ ಬಿಡುವಾಗಿ ನಮ್ಮ ಮನೆಗೆ ಬಂದಿದ್ದ. ಹೊರಗೆ ಜಡಿಮಳೆ, ಪರದೆಯ ಮೇಲೆ ಮಂಜು ಕವಿದ ಕಡಲು. ಒಂದೊಂದು ಮೀನಿಗೂ ಒಂದೊಂದು ಆಕಾರ. ಅವುಗಳನ್ನು ದೋಣಿಯ ಚೌಕಗಳಲ್ಲಿ ಹೊಂದಿಸಿ ತುಂಬಬೇಕು. ಬಂಡೆಗೆ ತಾಗಿದರೆ ಚೌಕವೂ ಹೋಗುತ್ತದೆ, ಅದರಲ್ಲಿದ್ದ ಮೀನೂ ಹೋಗುತ್ತದೆ. ಕತ್ತಲಾದ ಮೇಲೆ ಕಡಲಲ್ಲೇ ಉಳಿದರೆ ದಿಗಿಲು ಏರುತ್ತ, ಇಲ್ಲದ ಬಂಡೆಗಳು ಎದುರಾಗತೊಡಗುತ್ತವೆ. ಸಸ್ಯಾಹಾರಿಯಾದ ನನಗೆ ಮೈ ಜುಮ್ಮೆಂದಿತು. ಗೆಳೆಯ ಮಾತ್ರ ಅರ್ಧ ಗಂಟೆ ನೋಡಿ, “ಡೀಸೆಲ್ ಲೆಕ್ಕವೇ ಇಲ್ಲದ ದೋಣಿ ಎಂಥ ದೋಣಿ ಮಾರಾಯ!” ಎಂದುಬಿಟ್ಟ. ಆ ಗೇಮಿನಲ್ಲಿ ಇಂಧನದ ಮಾತೇ ಇಲ್ಲವೆಂಬುದನ್ನು ನಾನು ಗಮನಿಸಿಯೇ ಇರಲಿಲ್ಲ. ಆದರೂ ಜುಲೈನಲ್ಲಿ ಅದಕ್ಕೆ ಮೊದಲ ಸ್ಥಾನ ಕೊಟ್ಟೆ.

ಇಂಥ ಅನುಮಾನಕ್ಕೆ ಅಡಕತ್ತರಿ ಬೇಕು, ಅಂದರೆ ಮರುಪರೀಕ್ಷೆ. ಕ್ರಮ ಅಂತಿಮಗೊಳಿಸುವ ಮೊದಲು ಮೊದಲ ಗುಂಪಿನ ಪ್ರತಿಯೊಂದು ಗೇಮನ್ನೂ ಒಂದು ತಾಸು, ಮೊದಲಿನಿಂದಲ್ಲ, ನಡುಭಾಗದಿಂದ, ಬೇರೆ ಹವೆಯಲ್ಲಿ ಆಡಿ ನೋಡಬೇಕು. ಡಿಸೆಂಬರ್‌ನ ಬಿಸಿಲಿನಲ್ಲಿ ‘ಡ್ರೆಜ್’ ತೆರೆದಾಗ ನನ್ನ ದೋಣಿಯ ಎಂಜಿನ್, ದೀಪ ಎಲ್ಲ ಬಲಗೊಂಡಿದ್ದವು. ಹೆದರಿಕೆಯನ್ನೇ ನೆಚ್ಚಿದ ಗೇಮಿನಲ್ಲಿ ಹೆದರಲು ಹೆಚ್ಚೇನೂ ಉಳಿದಿರಲಿಲ್ಲ. ಅದು ನಾಲ್ಕನೆಯ ಸ್ಥಾನಕ್ಕೆ ಇಳಿಯಿತು. ಅದೇ ಪರೀಕ್ಷೆಯಲ್ಲಿ ‘ಚಾಂಟ್ಸ್ ಆಫ್ ಸೆನ್ನಾರ್’ ಮೇಲೇರಿತು. ಒಂದು ಗೋಪುರ, ಅದರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಜನಸಮೂಹಗಳು. ಚಿಹ್ನೆಗಳ ಅರ್ಥವನ್ನು ಸಂದರ್ಭದಿಂದ ಊಹಿಸಿ ಬರೆದುಕೊಳ್ಳುತ್ತ, ಕೊನೆಗೆ ಅವರ ನಡುವೆ ದುಭಾಷಿಯಾಗಬೇಕು. ಕೆಳ ಅಂತಸ್ತಿನವರ ಭಾಷೆಯಲ್ಲಿ ಬಹುವಚನಕ್ಕೆ ಚಿಹ್ನೆಯನ್ನು ಎರಡು ಸಲ ಬರೆಯುತ್ತಾರೆ. ‘ಮನೆಮನೆ’, ‘ಊರೂರು’ ಎನ್ನುವವರಿಗೆ ಅದು ಬೇಗ ಹೊಳೆಯಬೇಕಿತ್ತು. ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಮನೆಯಲ್ಲಿ ಹವಿಗನ್ನಡ, ಪೇಟೆಯಲ್ಲಿ ಕನ್ನಡ, ಘಟ್ಟ ಇಳಿದರೆ ಕೊಂಕಣಿ ಕೇಳುವ ಜಿಲ್ಲೆಯವನಿಗೆ ಮರುದಿನವೂ ತಲೆಯಲ್ಲಿ ಉಳಿದದ್ದು ಅದೇ. ಆದ್ದರಿಂದ ಅದು ಮೊದಲನೆಯದು. ‘ಬಾಲ್ಡರ್ಸ್ ಗೇಟ್ 3’ ಎರಡನೆಯದು, ‘ಕೊಕೂನ್’ ಮೂರನೆಯದು, ‘ಡ್ರೆಜ್’ ಆದ ಮೇಲೆ ‘ಹೈ-ಫೈ ರಶ್’ ಮತ್ತು ‘ವೆಂಬಾ’.

ಪ್ರತಿ ಸ್ಥಾನದ ಎದುರು ಕಾರಣವನ್ನು ಒಂದೇ ದೃಶ್ಯವಾಗಿ ಬರೆಯಬೇಕು; ‘ಅದ್ಭುತ ಗ್ರಾಫಿಕ್ಸ್’ ಎಂಬಂಥ ಮಾತನ್ನು ಯಾವ ಗೇಮಿನ ಎದುರಿಗೂ ಅಂಟಿಸಬಹುದಾದ್ದರಿಂದ ಅದು ಕಾರಣವಾಗುವುದಿಲ್ಲ. ಗೆಳೆಯರೊಡನೆ ಕೂಡಿ ಒಂದೇ ಪಟ್ಟಿ ಮಾಡುವ ಉಸಾಬರಿಯೂ ಬೇಡ. ಕಾರವಾರದ ಗೆಳೆಯನಿಗೆ ‘ರೆಸಿಡೆಂಟ್ ಈವಿಲ್ 4’ ಮೊದಲನೆಯದು, ನನಗೆ ಅದು ಎರಡನೆಯ ಗುಂಪಿನದು. ಎರಡರ ಸರಾಸರಿ ತೆಗೆದು ನೋಡಿದಾಗ ಮೇಲೆ ಬಂದದ್ದು ‘ಡೇವ್ ದ ಡೈವರ್’, ಅಂದರೆ ಇಬ್ಬರಿಗೂ ಪರವಾಗಿಲ್ಲ ಎನಿಸಿದ ಗೇಮ್.

ಪಟ್ಟಿ ಮುಗಿದ ಮೇಲೆ ದಿನಾಂಕ ಹಾಕಿ, ಕೆಳಗೆ ಒಂದು ಗೆರೆ ಎಳೆಯಬೇಕು. ಆ ವರ್ಷದ ಗೇಮನ್ನು ತಡವಾಗಿ ಆಡಿದರೆ ಅದನ್ನು ಗೆರೆಯ ಕೆಳಗೆ ಬರೆಯಬೇಕೇ ಹೊರತು ಮೇಲಿನ ಕ್ರಮವನ್ನು ತಿದ್ದಬಾರದು. ನನ್ನ ಗೆರೆಯ ಕೆಳಗೆ ಸದ್ಯಕ್ಕಿರುವುದು ‘ಅಲನ್ ವೇಕ್ 2’ ಒಂದೇ. ಬಿಡುಗಡೆಯಾದಾಗ ಅದಕ್ಕೆ ಕನಿಷ್ಠ ಆರ್‌ಟಿಎಕ್ಸ್ 2060 ದರ್ಜೆಯ ಗ್ರಾಫಿಕ್ಸ್ ಕಾರ್ಡ್ ಬೇಕೆಂದಿತ್ತು; ಚಾಲಿಗೆ ಒಳ್ಳೆಯ ದರ ಬಂದ ವರ್ಷ ನೋಡೋಣವೆಂದು ಅದರ ಎದುರಿನ ಮೂರು ಸಾಲುಗಳನ್ನು ಖಾಲಿ ಬಿಟ್ಟಿದ್ದೇನೆ.