ರೊಕ್ಕದ ಚಿಂತೆಗೆ ಮೊದಲು ಒಂದು ಹಾಳೆ

ಗದಗಿನ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕೌಂಟರಿನ ಹಿಂದೆ ಕುಳಿತು ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಸಾಲ ಕೇಳಲು ಬಂದವರನ್ನು "ಈಗಾಗಲೇ ಎಷ್ಟಿದೆ?" ಎಂದು ಕೇಳಿದರೆ ಸರಿಯಾದ ಮೊತ್ತ ಹೇಳಿದವರು ಅಪರೂಪ. "ಅಲ್ಲೊಂದು ಇಲ್ಲೊಂದು ಇದೆ ಅಕ್ಕಾ" ಎನ್ನುವವರೇ ಎಲ್ಲ. ಅವರು ಮುಚ್ಚಿಡುತ್ತಿದ್ದರು ಎಂದಲ್ಲ, ಅವರಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ ಸಾಲ ಹಗಲಿನಲ್ಲಿ ಎಪ್ಪತ್ತು ಸಾವಿರವಿದ್ದರೆ ನಡುರಾತ್ರಿ ಎಚ್ಚರವಾದಾಗ ಎರಡು ಲಕ್ಷವಾಗಿರುತ್ತದೆ.

ಆದ್ದರಿಂದ ಉಳಿತಾಯ, ಬಂಡವಾಳ ಎಂಬ ದೊಡ್ಡ ಮಾತುಗಳು ಆಮೇಲೆ ಬರಲಿ. ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಮಕ್ಕಳ ಹಳೆಯ ನೋಟ್‌ಬುಕ್ಕಿನದೇ ಸಾಕು. ಮೊಬೈಲಿನಲ್ಲಿ ಬೇಡ, ಅಲ್ಲಿ ಬರೆದದ್ದನ್ನು ಮನೆಯವರು ಯಾರೂ ನೋಡುವುದಿಲ್ಲ. ಯಾರಿಗೆ ಕೊಡಬೇಕು, ಎಷ್ಟು, ತಿಂಗಳಿಗೆ ಬಡ್ಡಿ ಎಷ್ಟು, ಯಾವ ತಾರೀಖಿಗೆ ಎಂದು ನಾಲ್ಕು ಸಾಲು ಎಳೆದು ಬರೆಯಿರಿ. ಕಿರಾಣಿ ಅಂಗಡಿಯ ಉದ್ರಿ, ತವರಿನ ಅಣ್ಣನ ಕೈಗಡ, ಸಂಘದ ವಾರದ ಕಂತು, ಗಾಡಿಯ ಕಂತು, ಬಂಗಾರದ ಮೇಲಿನ ಸಾಲ, ಹಾಲಿನವನ ಬಾಕಿ, ಯಾವುದನ್ನೂ ಬಿಡಬೇಡಿ. ಹಾಳೆಯನ್ನು ತಿರುವಿ ಹಿಂಬದಿಯಲ್ಲಿ ನಿಮಗೆ ಬರಬೇಕಾದದ್ದನ್ನು ಬರೆಯಿರಿ: ಬಾಡಿಗೆ ಮನೆಗೆ ಕೊಟ್ಟ ಮುಂಗಡ, ಮೈದುನನಿಗೆ ಕೊಟ್ಟದ್ದು, ಅರ್ಧಕ್ಕೆ ನಿಂತುಹೋದ ಆರ್‌ಡಿ, ಹಳೆಯ ಪಾಸ್‌ಬುಕ್ಕಿನಲ್ಲಿ ಉಳಿದದ್ದು. ಈ ಹಿಂಬದಿಯನ್ನು ಬಹಳ ಜನ ಬರೆಯುವುದೇ ಇಲ್ಲ. ಹತ್ತು ವರ್ಷ ವ್ಯವಹಾರವಿಲ್ಲದ ಬ್ಯಾಂಕ್ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆದರೆ ಮುಳುಗುವುದಿಲ್ಲ. ಖಾತೆದಾರರೋ ವಾರಸುದಾರರೋ ಆ ಬ್ಯಾಂಕಿಗೇ ಅರ್ಜಿ ಕೊಟ್ಟು ಪಡೆಯಬಹುದು. ತೀರಿಕೊಂಡ ಮಾವನ ಟ್ರಂಕಿನಲ್ಲಿ ಪಾಸ್‌ಬುಕ್ ಇದ್ದರೆ ಇವತ್ತೇ ತೆಗೆದು ನೋಡಿ.

ಇನ್ನು ಬಡ್ಡಿ. ನಮ್ಮ ಕಡೆ "ನೂರಕ್ಕೆ ಮೂರು ರೂಪಾಯಿ" ಎಂದು ಎಷ್ಟು ಹಗುರಾಗಿ ಹೇಳುತ್ತಾರೆಂದರೆ ಕೇಳುವವರಿಗೆ ಅದು ಚಹಾದ ಖರ್ಚಿನಂತೆ ಅನಿಸುತ್ತದೆ. ಅದು ತಿಂಗಳಿಗೆ ಮೂರು. ವರ್ಷಕ್ಕೆ ಮೂವತ್ತಾರು. ಐವತ್ತು ಸಾವಿರ ತಂದರೆ ತಿಂಗಳಿಗೆ 1,500 ಬಡ್ಡಿ, ವರ್ಷಕ್ಕೆ 18,000, ಅಸಲು ಮಾತ್ರ ಇದ್ದಲ್ಲೇ ಇರುತ್ತದೆ. ಅದೇ ಐವತ್ತು ಸಾವಿರಕ್ಕೆ ಬ್ಯಾಂಕು ವರ್ಷಕ್ಕೆ ಶೇ 9ರ ದರದಲ್ಲಿ ಬಂಗಾರದ ಸಾಲ ಕೊಟ್ಟರೆ ತಿಂಗಳ ಬಡ್ಡಿ 375 ರೂಪಾಯಿ. ತಿಜೋರಿಯಲ್ಲಿ ಎರಡೆಳೆ ಸರ ಇಟ್ಟುಕೊಂಡು ಹೊರಗೆ ನೂರಕ್ಕೆ ಮೂರರಂತೆ ಬಡ್ಡಿ ಕಟ್ಟುವ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಬಂಗಾರ ಒತ್ತೆ ಇಟ್ಟರೆ ಮಾನ ಹೋಗುತ್ತದೆ ಎಂಬುದು ಅವರ ಅಂಜಿಕೆ. ಬಡ್ಡಿಯವನು ಓಣಿಯಲ್ಲಿ ನಿಂತು ಹೆಸರು ಹಿಡಿದು ಕೂಗಿದರೆ ಉಳಿಯುವ ಮಾನ ಯಾವುದು? ಒತ್ತೆ ಇಟ್ಟು ಆ ಸಾಲವನ್ನು ಮುಗಿಸಿ. ಆದರೆ ಬಿಡಿಸಿಕೊಳ್ಳುವ ತಾರೀಖನ್ನು ಹಾಳೆಯಲ್ಲಿ ಕೆಂಪು ಮಸಿಯಲ್ಲಿ ಬರೆಯಿರಿ, ಅವಧಿ ಮೀರಿ ನೋಟಿಸಿಗೂ ಉತ್ತರಿಸದಿದ್ದರೆ ಒಡವೆ ಹರಾಜಿಗೆ ಹೋಗುತ್ತದೆ. ಬಂದ ಸಾಲದಲ್ಲಿ ಟಿವಿ ಕೊಳ್ಳುವುದಾದರೆ ನಾನು ಹೇಳಿದ್ದನ್ನೆಲ್ಲ ಮರೆತುಬಿಡಿ.

ಈ ಸಾಹುಕಾರಿ ಬಡ್ಡಿಯ ಕಾಟ ಹೊಸದೇನಲ್ಲ. ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದ್ದರು. ಅಷ್ಟು ಹಿಂದೆಯೇ ಬೇರೆ ದಾರಿ ತೋರಿಸಿದ ಊರಿನ ಸುತ್ತಮುತ್ತ ಇಂದಿಗೂ ನೂರಕ್ಕೆ ಮೂರು ನಡೆಯುತ್ತಿದೆ ಎನ್ನುವುದು ನನಗೆ ನುಂಗಲಾರದ ಮಾತು.

ಯಾವುದನ್ನು ಮೊದಲು ತೀರಿಸಬೇಕು ಎಂದು ಕೇಳುತ್ತಾರೆ. ಲೆಕ್ಕದ ಪ್ರಕಾರ ಹೆಚ್ಚು ಬಡ್ಡಿಯದ್ದು. ನಾನು ಮಾತ್ರ ಅದಕ್ಕೂ ಮೊದಲು ಕಿರಾಣಿ ಅಂಗಡಿಯ ಉದ್ರಿಯನ್ನು ತೀರಿಸಿ ಎನ್ನುತ್ತೇನೆ. ಅದಕ್ಕೆ ಬಡ್ಡಿ ಇಲ್ಲದಿರಬಹುದು. ಆದರೆ ಉದ್ರಿ ಇರುವ ಅಂಗಡಿಯಲ್ಲಿ ತೊಗರಿಬೇಳೆಯ ದರ ಕೇಳಲು ನಾಲಿಗೆ ಏಳುವುದಿಲ್ಲ. ಅವನು ತೂಗಿದ್ದೇ ತೂಕ, ಬರೆದದ್ದೇ ಬೆಲೆ. ಪಕ್ಕದ ಅಂಗಡಿಯಿಂದ ಎಣ್ಣೆ ತಂದರೂ ಚೀಲ ಮುಚ್ಚಿಕೊಂಡು ಅವನ ಮುಂದೆ ಹಾಯಬೇಕು. ಎರಡು ಸಾವಿರದ ಆ ಬಾಕಿ ತೀರಿಸಿದ ಮರುವಾರ ಹುಬ್ಬಳ್ಳಿಯ ದುರ್ಗದಬೈಲಿಗೋ ನಿಮ್ಮೂರಿನ ಸಂತೆಗೋ ನಗದು ಹಿಡಿದು ಹೋಗಿ, ನಾಲ್ಕು ಕಡೆ ದರ ಕೇಳಿ, ಬೇಡವೆನಿಸಿದರೆ ಮುಂದೆ ನಡೆಯಿರಿ. ಧೈರ್ಯ ಬರುವುದು ಇಂಥ ಸಣ್ಣ ಕಡೆಯಿಂದಲೇ.

ವಾರದ ಕಂತಿನ ಸಂಘಗಳ ಸಾಲದಲ್ಲಿ ಸಿಕ್ಕವರಿಗೆ ಒಂದು ಮಾತು. ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ಎತ್ತುವುದನ್ನು ಇಂದಿಗೇ ನಿಲ್ಲಿಸಿ. ಕಿರುಸಾಲ ಕೊಡುವಾಗ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕಿನ 2022ರ ನಿಯಮವಿದೆ. ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಬಲವಂತದ ವಸೂಲಿ ತಡೆಯಲು ರಾಜ್ಯವೂ 2025ರಲ್ಲಿ ಕಾನೂನು ತಂದಿದೆ. ಅಂದಮಾತ್ರಕ್ಕೆ ಸಾಲ ಮನ್ನಾ ಆಯಿತೆಂದು ತಿಳಿಯಬೇಡಿ. ಕಟ್ಟಲು ಆಗದಿದ್ದರೆ ಮನೆಗೆ ಬೀಗ ಹಾಕಿ ತವರಿಗೆ ಹೋಗುವ ಬದಲು ಶಾಖೆಗೆ ಹೋಗಿ ಕಂತು ಇಳಿಸಿ ಅವಧಿ ಬೆಳೆಸಲು ಬರವಣಿಗೆಯಲ್ಲಿ ಕೇಳಿ. ಸಾಲ ಕೊಟ್ಟವರಿಗೂ ಓಡಿಹೋದವರಿಗಿಂತ ಎದುರು ಬಂದು ಕುಳಿತವರೇ ಮೇಲು. ಇನ್ನು, ಮೊಬೈಲಿನ ಸಾಲದ ಆ್ಯಪ್‌ನವರು ಬೆದರಿಸಿ ದುಡ್ಡು ಕಿತ್ತುಕೊಂಡರೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಮ್ಮ ಮನೆಗಳನ್ನು ಸಾಲಕ್ಕೆ ತಳ್ಳುವುದು ಹೆಚ್ಚಾಗಿ ಗೊತ್ತಿದ್ದೂ ಮರೆಯುವ ಖರ್ಚು. ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದು ಯಾರಿಗೆ ಗೊತ್ತಿಲ್ಲ? ಪಂಚಮಿಗೆ ಮಗಳು ಬರುತ್ತಾಳೆ, ಉಂಡಿ ಕಟ್ಟಬೇಕು, ಸೀರೆ ಉಡಿಸಿ ಕಳಿಸಬೇಕು. ದೀಪಾವಳಿ ತಪ್ಪುವುದಿಲ್ಲ. ಸುಗ್ಗಿಯಲ್ಲಿ ವರ್ಷದ ಜೋಳ ಹಾಕಿಸಬೇಕು, ಬ್ಯಾಡಗಿ ಮೆಣಸಿನಕಾಯಿ ತಂದು ತೊಟ್ಟು ಬಿಡಿಸಿ ಖಾರ ಕುಟ್ಟಿಸಬೇಕು. ಪ್ರತಿ ವರ್ಷ ಬರುವ ಇವೆಲ್ಲ ಪ್ರತಿ ವರ್ಷವೂ ಆಕಸ್ಮಿಕದಂತೆ ಬರುತ್ತವೆ. ಗೋಡೆಯ ಕ್ಯಾಲೆಂಡರ್ ಇಳಿಸಿ ತಿಂಗಳ ಮುಂದೆ ಖರ್ಚು ಬರೆಯಿರಿ. ಶಾಲೆಗೆ 18,000, ಪಂಚಮಿಗೆ 4,000, ದೀಪಾವಳಿಗೆ 8,000, ಜೋಳ-ಮೆಣಸಿನಕಾಯಿಗೆ 10,000, ಮದುವೆಗಳ ಮುಯ್ಯಿ ಮತ್ತು ಜಾತ್ರೆಗೆ 8,000 ಎಂದಿಟ್ಟುಕೊಳ್ಳಿ. ಒಟ್ಟು 48,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 4,000. ಪಗಾರ ಬಂದ ದಿನವೇ ಆ 4,000 ಇಲ್ಲವೆಂದು ತಿಳಿದು ಬೇರೆ ಖಾತೆಗೆ ಹಾಕಿ. ಅಷ್ಟು ಆಗದಿದ್ದರೆ ಪಟ್ಟಿಯಲ್ಲಿ ಏನನ್ನು ಇಳಿಸಬೇಕೆಂದು ಆಗಲೇ ಕಣ್ಣಿಗೆ ಬೀಳುತ್ತದೆ. ನನ್ನನ್ನು ಕೇಳಿದರೆ ಮುಯ್ಯಿಯನ್ನು ಇಳಿಸಿ, ಜೋಳವನ್ನು ಇಳಿಸಬೇಡಿ. ಮೂಲೆಯಲ್ಲಿ ಎರಡು ಚೀಲ ಜೋಳ ಇದ್ದರೆ ಪಗಾರ ಹತ್ತು ದಿನ ತಡವಾದರೂ ಮನೆಯವರ ಮುಖ ಬಾಡುವುದಿಲ್ಲ. ಬೇವಿನ ಸೊಪ್ಪು ಒಣಗಿಸಿ ಚೀಲದಲ್ಲಿ ಹಾಕುವುದನ್ನು ಮರೆಯಬೇಡಿ, ನುಸಿ ತಿಂದ ಜೋಳವೂ ನಷ್ಟವೇ.

ರೈತರ ಮನೆಗಳಲ್ಲಿ ಇದು ತಲೆಕೆಳಗು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿದ ರೊಕ್ಕ ಒಮ್ಮೆಗೇ ಬರುತ್ತದೆ, ಮುಂದೆ ತಿಂಗಳುಗಟ್ಟಲೆ ಒಂದು ಪೈಸೆಯೂ ಇಲ್ಲ. ಬಂದ ವಾರದಲ್ಲೇ ಮುಂದಿನ ಬಿತ್ತನೆಯ ಬೀಜ-ಗೊಬ್ಬರದ ಪಾಲು ತೆಗೆದು ಠೇವಣಿ ಇಡಿ. ಉಳಿದದ್ದನ್ನು ಮುಂದಿನ ಪೀಕು ಬರುವ ತನಕದ ತಿಂಗಳುಗಳಿಗೆ ಹಂಚಿ, ನಿಮಗೆ ನೀವೇ ಪಗಾರ ಕೊಟ್ಟುಕೊಳ್ಳಿ. ಟ್ರ್ಯಾಕ್ಟರ್ ಶೋರೂಮಿನ ಕಡೆ ಆ ವಾರ ಹೋಗಬೇಡಿ.

ದಿನದ ಗಳಿಕೆಯ ಅಂಗಡಿಯವರಿಗೆ ಪಿಗ್ಮಿ, ಅಂದರೆ ಏಜೆಂಟ್ ಬಂದು ದಿನದಿನ ಸಣ್ಣ ಮೊತ್ತ ಒಯ್ಯುವ ಠೇವಣಿ, ಒಳ್ಳೆಯದು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ ಪದ್ಧತಿ ಅದು, ಬಡವರ ಕೈ ತಿಳಿದವರು ಮಾಡಿದ್ದು. ಏಜೆಂಟ್ ಎಷ್ಟೇ ಪರಿಚಯದವನಾಗಿರಲಿ, ಕೊಟ್ಟ ಕೂಡಲೇ ರಸೀದಿ ಇಲ್ಲವೇ ಮೊಬೈಲಿಗೆ ಸಂದೇಶ ಬಂದಿದೆಯೇ ನೋಡಿ. ಮತ್ತೊಂದು ಮಾತು ನಾನೇ ಹೇಳಬೇಕು, ಸಂಘದ ಅನ್ನ ಉಂಡವಳಾದ್ದರಿಂದ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕಾದರೂ ಸರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಹಕಾರಿ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಒಂದು ರೂಪಾಯಿ ಹೆಚ್ಚು ಬಡ್ಡಿ ಕೊಡುತ್ತಾರೆಂದು ನಿವೃತ್ತಿಯ ಗಂಟನ್ನೆಲ್ಲ ಒಂದೇ ಸಂಘದಲ್ಲಿ ಇಡುವುದು ನನಗೆ ಒಪ್ಪಿಗೆಯಿಲ್ಲ.

ವಿಮೆಯ ಮಾತು ಬಂತು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತಕ್ಕೆ, 436 ರೂಪಾಯಿಯ ಜೀವನಜ್ಯೋತಿ ಯಾವ ಕಾರಣದ ಸಾವಿಗಾದರೂ ತಲಾ 2 ಲಕ್ಷ ಕೊಡುತ್ತವೆ. ದುಡಿಯುವವರ ಖಾತೆಯಲ್ಲಿ ಮೇ ಕೊನೆಗೆ ಅಷ್ಟು ಹಣ ಇರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ವಿಮೆ ಸದ್ದಿಲ್ಲದೆ ನಿಂತುಹೋಗುತ್ತದೆ. ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಾಗಿದೆ. ಅಲ್ಲಿ ಖಾತೆ ಇದ್ದವರು ಪಾಸ್‌ಬುಕ್ ಬದಲಿಸಲು ಹೋದಾಗ ನಾಮಿನಿ ಹೆಸರು ಸರಿಯಿದೆಯೇ ಎಂದೂ ಕೇಳಿ ಬನ್ನಿ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದಾಗ ಬರಲಿ, ಅದನ್ನು ನಂಬಿ ಯಾವ ಕಂತಿಗೂ ತಾರೀಖು ಕೊಡಬೇಡಿ.

ಇಷ್ಟೆಲ್ಲ ಬರೆದಿಟ್ಟ ಮೇಲೂ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ ಎಂದರೆ ಅದು ಬರೀ ರೊಕ್ಕದ ತೊಂದರೆಯಾಗಿ ಉಳಿದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ದುಡ್ಡು ತೆಗೆದುಕೊಳ್ಳದೆ ಮಾತಾಡುತ್ತಾರೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಹುಚ್ಚರು ಹೋಗುವ ಕಡೆ ಎಂದು ಮೂಗು ಮುರಿಯುವವರು ನಿಮ್ಮ ಕಂತು ಕಟ್ಟಲು ಬರುವುದಿಲ್ಲ.

ಕೊನೆಗೆ ಜಾಮೀನಿನ ವಿಷಯ. ಸಹಿ ಮಾಡಲು ಬಂದ ನೆಂಟರು "ಬರೀ ಹೆಸರಿಗೆ ಅಕ್ಕಾ" ಎನ್ನುತ್ತಾರೆ. ಕಾಯ್ದೆಯಲ್ಲಿ ಹೆಸರಿಗೆ ಎಂಬುದಿಲ್ಲ, ಸಾಲಗಾರ ಕಟ್ಟದಿದ್ದರೆ ಪೂರ್ತಿ ಬಾಕಿಗೂ ಜಾಮೀನುದಾರನೇ ಹೊಣೆ. ಬೇಡವೆನ್ನಲು ಸಂಕೋಚವಾದರೆ "ಜಾಮೀನು ಹಾಕುವುದಿಲ್ಲಪ್ಪಾ, ಎರಡು ಸಾವಿರ ಇದೆ, ಒಯ್ಯಿ, ತಿರುಗಿ ಕೊಡುವುದು ಬೇಡ" ಎಂದುಬಿಡಿ. ಈಗಾಗಲೇ ಸಹಿ ಹಾಕಿದ್ದರೆ ಆರು ತಿಂಗಳಿಗೊಮ್ಮೆ ಹೋಗಿ ಆ ಸಾಲದ ಬಾಕಿ ಎಷ್ಟು ಉಳಿದಿದೆ ಎಂದು ಕೇಳಿ. ಕೌಂಟರಿನಲ್ಲಿ ಯಾರಾದರೂ ಗೊಣಗಿದರೆ ಲಿಖಿತ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಮುಟ್ಟಿದ ಸಹಿ ಹಾಕಿಸಿಕೊಳ್ಳಿ.