ಕೊಲೆಸ್ಟ್ರಾಲ್ ಇಳಿಸೋಕೆ ಎಷ್ಟು ನಡೀಬೇಕು, ನೀರು ಹೇಗೆ ಕುಡೀಬೇಕು?

ವಯಸ್ಸು ಇನ್ನೂ ಇಪ್ಪತ್ತರ ಆಸುಪಾಸು, ತೂಕ ಸ್ವಲ್ಪ ಜಾಸ್ತಿ, ರಕ್ತ ಪರೀಕ್ಷೆ ಮಾಡಿಸಿದರೆ ಕೊಲೆಸ್ಟ್ರಾಲ್ ಗಡಿ ದಾಟಿದೆ. ಆಗ ಸಿಗುವ ಮೊದಲ ಸಲಹೆ, "ಚೆನ್ನಾಗಿ ನೀರು ಕುಡಿ, ಕೊಬ್ಬೆಲ್ಲ ತೊಳೆದುಹೋಗುತ್ತೆ." ಹಾಗೇನೂ ಆಗಲ್ಲ. ಕೊಲೆಸ್ಟ್ರಾಲ್ ನೀರಲ್ಲಿ ಕರಗುವುದೇ ಇಲ್ಲ. ಅದು ಹೊರಗೆ ಹೋಗುವುದು ಮುಖ್ಯವಾಗಿ ಲಿವರ್‌ನಿಂದ ಪಿತ್ತರಸದ ಜೊತೆ ಕರುಳಿಗೆ ಇಳಿದು. ನೀರಿನಿಂದ ಉಪಯೋಗ ಇದೆ, ಆದರೆ ಅದು ಬೇರೆ ದಾರಿಯಲ್ಲಿ.

ಮೊದಲು ರಿಪೋರ್ಟ್ ನೋಡಿ. ಒಟ್ಟು ಕೊಲೆಸ್ಟ್ರಾಲ್ ಒಂದನ್ನೇ ನೋಡಿ ಗಾಬರಿಯಾಗಬೇಡಿ. ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 100ರ ಒಳಗಿದ್ದರೆ ಒಳ್ಳೆಯದು, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 150ರ ಒಳಗಿರಬೇಕು, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಗಂಡಸರಿಗೆ 40, ಹೆಂಗಸರಿಗೆ 50ಕ್ಕಿಂತ ಮೇಲಿರಬೇಕು. ತೂಕ ಜಾಸ್ತಿ ಇರುವವರಲ್ಲಿ ಸಾಮಾನ್ಯವಾಗಿ ಟ್ರೈಗ್ಲಿಸರೈಡ್ ಏರಿರುತ್ತದೆ, ಎಚ್‌ಡಿಎಲ್ ಇಳಿದಿರುತ್ತದೆ. ವ್ಯಾಯಾಮ ಚೆನ್ನಾಗಿ ಕೆಲಸ ಮಾಡುವುದೂ ಈ ಎರಡರ ಮೇಲೆಯೇ. ಎಲ್‌ಡಿಎಲ್ ಮಾತ್ರ ವ್ಯಾಯಾಮಕ್ಕೆ ಅಷ್ಟಾಗಿ ಬಗ್ಗಲ್ಲ, ಅದಕ್ಕೆ ಊಟದಲ್ಲೂ ಬದಲಾವಣೆ ಬೇಕು. ಎಲ್‌ಡಿಎಲ್ 190 ದಾಟಿದ್ದರೆ ಸುಮ್ನೆ ನಡೆದುಕೊಂಡು ಕಾಯಬೇಡಿ, ಅದು ಮನೆತನದಿಂದ ಬಂದದ್ದೂ ಇರಬಹುದು, ಡಾಕ್ಟರನ್ನು ಕಾಣಿ.

ಈಗ ವ್ಯಾಯಾಮ. ದುಡಿಯುವ ಸ್ನಾಯುವಿನ ರಕ್ತನಾಳಗಳಲ್ಲಿ ಲೈಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಚುರುಕಾಗುತ್ತದೆ, ಅದು ರಕ್ತದಲ್ಲಿ ಓಡಾಡುವ ಟ್ರೈಗ್ಲಿಸರೈಡನ್ನು ಒಡೆದು ಸ್ನಾಯುವಿಗೆ ಇಂಧನವಾಗಿ ಕೊಡುತ್ತದೆ. ಒಂದು ಸಲ ಚೆನ್ನಾಗಿ ಬೆವರಿಳಿಸಿದರೆ ಇದರ ಪರಿಣಾಮ ಒಂದೆರಡು ದಿನ ಇರುತ್ತದೆ, ಆಮೇಲೆ ಇಳಿಯುತ್ತದೆ. ಆದ್ದರಿಂದಲೇ ಭಾನುವಾರ ಮೂರು ಗಂಟೆ ಒದ್ದಾಡಿ ಉಳಿದ ದಿನ ಕೂತಲ್ಲೇ ಕೂರುವುದಕ್ಕಿಂತ ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆ ನಡೆಯುವುದು ಲೇಸು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದೂ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಅಂತ.

ಮಧ್ಯಮ ಶ್ರಮ ಅಂದರೆ ಎಷ್ಟು? ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆರಾಮಾಗಿ ಹಾಡು ಬರುತ್ತಿದ್ದರೆ ವೇಗ ಸಾಲದು. ಶುರುವಿನಲ್ಲೇ ಓಡಲು ಹೋಗಬೇಡಿ. ಮೈಭಾರವೆಲ್ಲ ಮಂಡಿಯ ಮೇಲೆ ಬಿದ್ದು, ನೋವು ಬಂದು, ಎರಡನೇ ವಾರಕ್ಕೇ ಬಿಟ್ಟುಬಿಡುತ್ತೀರಿ. ಹತ್ತು ನಿಮಿಷದ ನಡಿಗೆಯಿಂದ ಶುರು ಮಾಡಿ ವಾರವಾರ ಐದೈದು ನಿಮಿಷ ಸೇರಿಸಿ. ಮಂಡಿ ಆಗಲೇ ಕೈಕೊಡುತ್ತಿದ್ದರೆ ಸೈಕಲ್ ಅಥವಾ ಈಜು. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ನೀರಿನ ಉಪಯೋಗ ಇರುವುದು ಅದು ಯಾವ ಪಾನೀಯದ ಜಾಗಕ್ಕೆ ಬರುತ್ತದೆ ಅನ್ನುವುದರಲ್ಲಿ. 330 ಮಿಲಿಲೀಟರ್‌ನ ಒಂದು ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಹೆಚ್ಚಾದ ಸಕ್ಕರೆಯನ್ನು, ಅದರಲ್ಲೂ ಫ್ರಕ್ಟೋಸನ್ನು, ಲಿವರ್ ಕೊಬ್ಬು ಮಾಡಿ ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಬಿಡುತ್ತದೆ. ದಿನಾ ಕುಡಿಯುತ್ತಿದ್ದ ಆ ಒಂದು ಡಬ್ಬಿಯ ಜಾಗಕ್ಕೆ ನೀರು ಬಂದರೆ ಸಾಕು, ಅದೇ ದೊಡ್ಡ ಲಾಭ. ಪ್ಯಾಕೆಟ್ ಜ್ಯೂಸನ್ನೂ ಇದೇ ಸಾಲಿಗೆ ಸೇರಿಸಿ, ಹಣ್ಣಿನ ಚಿತ್ರ ನೋಡಿ ಮೋಸ ಹೋಗಬೇಡಿ. ಊಟಕ್ಕೆ ಅರ್ಧ ಗಂಟೆ ಮುಂಚೆ ಒಂದು ದೊಡ್ಡ ಲೋಟ ನೀರು ಕುಡಿದರೆ ಕೆಲವರಿಗೆ ತಿನ್ನುವುದು ಕಮ್ಮಿಯಾಗುತ್ತದೆ, ಎಲ್ಲರಿಗೂ ಅಲ್ಲ. ಮೂತ್ರ ತಿಳಿ ಹಳದಿ ಇದ್ದರೆ ಕುಡಿಯುತ್ತಿರುವುದು ಸಾಕು. ಹಟಕ್ಕೆ ಬಿದ್ದು ಒಂದೇ ಸಲಕ್ಕೆ ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯವಾಗಬಹುದು. ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು ಕೇಳದೇ ನೀರು ಜಾಸ್ತಿ ಮಾಡಬಾರದು.

ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರೂ ಬರೀ ನೀರು ಕುಡಿಯಬಹುದು. ಹಿಂದಿನ ದಿನ ಮಾತ್ರ ವಿಪರೀತ ವ್ಯಾಯಾಮ ಬೇಡ, ಟ್ರೈಗ್ಲಿಸರೈಡ್ ಆ ಹೊತ್ತಿಗೆ ಮಾತ್ರ ಇಳಿದು ರಿಪೋರ್ಟ್ ಇರುವುದಕ್ಕಿಂತ ಚೆಂದ ಕಾಣಿಸುತ್ತದೆ.